ಹೃದಯದ ದಾರಿ ಬರೆದಿಟ್ಟ ಶಾಫಿಈ ಹಕೀಮ್ ಇಬ್ನುನ್ನಫೀಸ್

ತುಮಕೂರಿನ ಬಟವಾಡಿಯಲ್ಲಿ ಎಪಿಎಂಸಿ ಯಾರ್ಡ್ ಉಂಟು. ಹುಣಸೆಹಣ್ಣಿನ ಸೀಸನ್ನಿನಲ್ಲಿ ನಮ್ಮ ಕಡೆಯ ವ್ಯಾಪಾರಿಗಳು ಅಲ್ಲಿಗೆ ಹೋಗುವುದು, ಲೋಡು ಮಾಡಿಸಿಕೊಂಡು ಘಟ್ಟ ಇಳಿಯುವುದು ಹೊಸತೇನಲ್ಲ. ಕಳೆದ ವರ್ಷ ನಮ್ಮ ಜಮಾಅತಿನ ಒಬ್ಬ ಕಾಕನ ಜೊತೆ ನಾವೂ ಹೋಗಿದ್ದೆವು. ಬೆಳಿಗ್ಗೆ ಯಾರ್ಡಿನಲ್ಲಿ ಮಾಲು ನೋಡುತ್ತಿರುವಾಗಲೇ ಅವರಿಗೆ ಎದೆ ಒತ್ತಿ ಹಿಡಿದ ಹಾಗಾಯಿತು. ಎಡಗೈ ಜೋಮು, ಮೈಯೆಲ್ಲ ಬೆವರು. ಗ್ಯಾಸ್ ಅಂತ ಅವರೇ ತೀರ್ಮಾನ ಮಾಡಿ ಸೋಡಾ ತರಿಸಿ ಕುಡಿದರು. ನಮ್ಮ ಮನೆಗಳಲ್ಲಿ ಎದೆನೋವಿಗೆ ಗ್ಯಾಸ್ ಅಂತಲೇ ಹೆಸರು, ಅದು ಎಲ್ಲರಿಗೂ ಗೊತ್ತಿರುವ ವಿಷಯ. ಸೋಡಾ ಕುಡಿದ ಮೇಲೂ ಬೆವರು ನಿಲ್ಲದ್ದು ನೋಡಿ, ಅವರು ಬೈಯುತ್ತಿದ್ದಂತೆಯೇ ಆಟೋದಲ್ಲಿ ಕೂರಿಸಿ ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋದೆವು.

ಅಲ್ಲಿ ಕೈಕಾಲುಗಳಿಗೆ ನಾಲ್ಕು, ಎದೆಗೆ ಆರು ವಯರು ಸಿಕ್ಕಿಸಿ ಇಸಿಜಿ ತೆಗೆದರು. ಮೊದಲ ಕಾಗದದಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲ. ಕಾಕ ಎದ್ದು ಚಪ್ಪಲಿ ಹುಡುಕಲು ಶುರು ಮಾಡಿದರು. ಡಾಕ್ಟರು ಮಾತ್ರ ಬಿಡಲಿಲ್ಲ. ಮಲಗಿಸಿ, ರಕ್ತ ಪರೀಕ್ಷೆಗೆ ಕಳುಹಿಸಿ, ಅರ್ಧ ಗಂಟೆ ಬಿಟ್ಟು ಇನ್ನೊಮ್ಮೆ ಇಸಿಜಿ ತೆಗೆದಾಗ ಗೆರೆ ಬದಲಾಗಿತ್ತು. ಅಸರ್ ಹೊತ್ತಿಗೆ ಅವರು ಬೆಂಗಳೂರಿನಲ್ಲಿದ್ದರು. ಹೃದಯಕ್ಕೇ ರಕ್ತ ಕೊಡುವ ನಾಳವೊಂದು ಮುಚ್ಚಿಕೊಂಡಿತ್ತು, ಸ್ಟೆಂಟ್ ಹಾಕಿದರು. ಅಲ್‌ಹಮ್ದುಲಿಲ್ಲಾಹ್, ಈಗ ಆರಾಮ ಇದ್ದಾರೆ.

ಊರಿಗೆ ಬಂದ ಮೇಲೆ ನೋಡಲು ಬಂದವರಿಗೆಲ್ಲ ಅವರು ಆ ಎರಡು ಕಾಗದಗಳನ್ನು ತೋರಿಸುತ್ತಿದ್ದರು. ಒಂದು ದಿನ ಪಳ್ಳಿ ದರ್ಸಿನ ಮುತಅಲ್ಲಿಮ್ ಹುಡುಗನೊಬ್ಬ ಬಂದಿದ್ದಾಗ ಕಾಕ ಅವನಿಗೊಂದು ಪ್ರಶ್ನೆ ಹಾಕಿದರು. ಇಷ್ಟೆಲ್ಲ ಕಿತಾಬ್ ಓದುತ್ತೀಯಲ್ಲ, ಹಳೆಯ ಕಿತಾಬಿನವರಿಗೆ ಹೃದಯದ ವಿಷಯ ಏನಾದರೂ ಗೊತ್ತಿತ್ತೋ ಅಂತ. ಹುಡುಗನಿಗೆ ಗೊತ್ತಿರಲಿಲ್ಲ. ನಮಗೂ ಹೆಸರು ಬಿಟ್ಟರೆ ಹೆಚ್ಚು ಗೊತ್ತಿರಲಿಲ್ಲ. ಹುಡುಕಿ ಓದಿದ ಮೇಲೆ ಬರೆಯುವುದು ಇದು.

ಪೂರ್ತಿ ಹೆಸರು ಅಲಾವುದ್ದೀನ್ ಅಬುಲ್ ಹಸನ್ ಅಲಿಯ್ಯ್ ಇಬ್ನು ಅಬಿಲ್ ಹಝ್ಮ್ ಅಲ್ ಖರ್ಶೀ. ಜನ ಕರೆಯುವುದು ಇಬ್ನುನ್ನಫೀಸ್. ಹುಟ್ಟಿದ್ದು ಸುಮಾರು 1210ರಲ್ಲಿ, ಡಮಾಸ್ಕಸ್ ಬಳಿ. ವೈದ್ಯ ಕಲಿತದ್ದು ಆ ನಗರದ ನೂರಿ ಆಸ್ಪತ್ರೆಯಲ್ಲಿ. ಸುಲ್ತಾನ್ ನೂರುದ್ದೀನ್ ಝಂಗಿ 1154ರಲ್ಲಿ ಕಟ್ಟಿಸಿದ ಆ ಕಟ್ಟಡ ಈಗಲೂ ನಿಂತಿದೆ, ಮ್ಯೂಸಿಯಂ ಆಗಿದೆ. ಗುರುಗಳು ಮುಹದ್ದಿಬುದ್ದೀನ್ ಅದ್ದಖ್ವಾರ್. ಅದೇ ಗುರುವಿನ ಬಳಿ ಕಲಿತ ಇಬ್ನು ಅಬೀ ಉಸೈಬಿಅ ಎಂಬವರು ಮುಂದೆ ವೈದ್ಯರ ಚರಿತ್ರೆಗಳನ್ನೆಲ್ಲ ಸೇರಿಸಿ ದೊಡ್ಡ ಕಿತಾಬ್ ಬರೆದರು. ನೂರಾರು ವೈದ್ಯರಿಗೆ ಅದರಲ್ಲಿ ಜಾಗ ಸಿಕ್ಕಿತು. ಜೊತೆಯಲ್ಲೇ ಕಲಿತ ಇಬ್ನುನ್ನಫೀಸರ ಸುದ್ದಿ ಮಾತ್ರ ಇಲ್ಲ. ಇಬ್ಬರಿಗೂ ಸರಿ ಇರಲಿಲ್ಲ ಅಂತ ಕೆಲವರು ಊಹಿಸುತ್ತಾರೆ. ದೊಡ್ಡವರಲ್ಲೂ ಇಂಥದ್ದೆಲ್ಲ ಇರುತ್ತದೆ, ನಾವು ಅದನ್ನು ಕೆದಕುವುದು ಬೇಡ.

1236ರ ಹೊತ್ತಿಗೆ ಅವರು ಈಜಿಪ್ಟಿಗೆ ಹೋದರು. ಕೈರೋದಲ್ಲಿ ನಾಸಿರಿ ಆಸ್ಪತ್ರೆಯಲ್ಲಿ ಕೆಲಸ. ಅದರ ಜೊತೆಗೇ ಮಸ್ರೂರಿಯ್ಯ ಮದ್ರಸದಲ್ಲಿ ಪಾಠ. ಪಾಠ ಯಾವುದರದ್ದು? ವೈದ್ಯದ್ದಲ್ಲ, ಶಾಫಿಈ ಫಿಖ್‌ಹಿನದ್ದು. ನಮ್ಮ ಕರಾವಳಿಯ ಪಳ್ಳಿಗಳಲ್ಲಿ ಇಂದಿಗೂ ಓದುವ ಅದೇ ಮದ್‌ಹಬ್. ನಮ್ಮ ದರ್ಸುಗಳಲ್ಲಿ ಇಮಾಮ್ ನವವಿಯವರ ಮಿನ್‌ಹಾಜ್ ತಿಳಿಯದವರಿಲ್ಲ. ನವವಿಯವರೂ ಇವರ ಕಾಲದವರೇ. ಇವರು ಡಮಾಸ್ಕಸ್ ಬಿಟ್ಟು ಹದಿನೈದು ವರ್ಷ ಕಳೆದ ಮೇಲೆ ಅವರು ಓದಲು ಅದೇ ನಗರಕ್ಕೆ ಬಂದರು. ಇಬ್ನುನ್ನಫೀಸರು ಶೀರಾಝಿಯವರ ತನ್‌ಬೀಹ್ ಎಂಬ ಫಿಖ್‌ಹ್ ಕಿತಾಬಿಗೆ ಶರಹ್ ಬರೆದಿದ್ದಾರೆ, ಹದೀಸ್ ಶಾಸ್ತ್ರದ ಮೇಲೂ ಒಂದು ಕಿತಾಬ್ ಬರೆದಿದ್ದಾರೆ. ಒಂದು ಕಡೆ ಆಸ್ಪತ್ರೆ, ಇನ್ನೊಂದು ಕಡೆ ಮದ್ರಸ. ಮಗನನ್ನು ಡಾಕ್ಟರ್ ಮಾಡುವುದೋ ಉಸ್ತಾದ್ ಮಾಡುವುದೋ ಅಂತ ನಾವು ಕೂತು ಚರ್ಚೆ ಮಾಡುತ್ತೇವಲ್ಲ, ಅವರ ಮುಂದೆ ಹೀಗೆ ಎರಡು ಬಾಗಿಲು ಇದ್ದ ಹಾಗೆ ಕಾಣುವುದಿಲ್ಲ.

ಇನ್ನು ಹೃದಯದ ವಿಷಯ. ಅದು ತಿಳಿಯಬೇಕಾದರೆ ಅವರಿಗಿಂತ ಮೊದಲು ಜನ ಏನು ನಂಬಿದ್ದರು ಅಂತ ನೋಡಬೇಕು. ಕ್ರಿಸ್ತಶಕ ಎರಡನೇ ಶತಮಾನದ ಗ್ರೀಕ್ ವೈದ್ಯ ಗ್ಯಾಲನ್ ಹೇಳಿದ್ದೇ ಸಾವಿರ ವರ್ಷ ನಡೆಯಿತು. ಅವನ ಲೆಕ್ಕದಲ್ಲಿ ರಕ್ತ ಹುಟ್ಟುವುದು ಪಿತ್ತಜನಕಾಂಗದಲ್ಲಿ. ಅಲ್ಲಿಂದ ಹೃದಯದ ಬಲ ಕೋಣೆಗೆ ಬರುತ್ತದೆ. ಬಲ ಕೋಣೆಗೂ ಎಡ ಕೋಣೆಗೂ ನಡುವೆ ಇರುವ ದಪ್ಪ ಗೋಡೆಯಲ್ಲಿ ಕಣ್ಣಿಗೆ ಕಾಣದ ಸಣ್ಣ ಸಣ್ಣ ತೂತುಗಳಿವೆ, ಅವುಗಳ ಮೂಲಕ ರಕ್ತ ಎಡಕ್ಕೆ ಜಿನುಗುತ್ತದೆ, ಅಲ್ಲಿ ಶ್ವಾಸಕೋಶದಿಂದ ಬಂದ ಗಾಳಿಯ ಜೊತೆ ಸೇರುತ್ತದೆ. ನಮ್ಮ ಇಬ್ನು ಸೀನಾರ ಖಾನೂನ್ ಎಂಬ ಮಹಾ ಕಿತಾಬ್ ಕೂಡ ಬಹುಪಾಲು ಈ ದಾರಿಯನ್ನೇ ಹಿಡಿದಿತ್ತು. ಖಾನೂನನ್ನು ಎದುರು ಮಾತನಾಡುವ ಧೈರ್ಯ ಆ ಕಾಲದಲ್ಲಿ ಎಷ್ಟು ಮಂದಿಗಿತ್ತು?

ಖಾನೂನಿನ ಅಂಗರಚನೆಯ ಭಾಗಕ್ಕೆ ಇಬ್ನುನ್ನಫೀಸರು 1242ರ ಹೊತ್ತಿಗೆ ಒಂದು ಶರಹ್ ಬರೆದರು. ಆಗ ಅವರಿಗೆ ಮೂವತ್ತರ ಆಸುಪಾಸು. ಇಬ್ನು ಸೀನಾರನ್ನು ಗೌರವದಿಂದಲೇ ಹಿಡಿದು, ತಪ್ಪು ಕಂಡ ಕಡೆ ತಪ್ಪು ಅಂತ ಬರೆದರು. ನಡುವಿನ ಗೋಡೆ ಗಟ್ಟಿಯಾದದ್ದು, ಅದರಲ್ಲಿ ಕಾಣುವ ತೂತೂ ಇಲ್ಲ, ಗ್ಯಾಲನ್ ಅಂದುಕೊಂಡ ಕಾಣದ ತೂತೂ ಇಲ್ಲ. ಹಾಗಾದರೆ ರಕ್ತ ಎಡಕ್ಕೆ ಹೋಗುವುದು ಹೇಗೆ? ಬಲ ಕೋಣೆಯಿಂದ ದಪ್ಪ ನಾಳದ ಮೂಲಕ ಶ್ವಾಸಕೋಶಕ್ಕೆ ಹೋಗುತ್ತದೆ, ಅಲ್ಲಿ ಹರಡಿಕೊಂಡು ಗಾಳಿಯೊಂದಿಗೆ ಬೆರೆಯುತ್ತದೆ, ಆಮೇಲೆ ತೆಳು ನಾಳದ ಮೂಲಕ ಎಡ ಕೋಣೆಗೆ ಮರಳುತ್ತದೆ. ಇವತ್ತು ಹೈಸ್ಕೂಲ್ ವಿಜ್ಞಾನ ಪುಸ್ತಕದಲ್ಲಿ ಇರುವುದು ಇದೇ ದಾರಿ. ಆ ಎರಡು ನಾಳಗಳ ನಡುವೆ ಶ್ವಾಸಕೋಶದೊಳಗೆ ಸಣ್ಣ ಹಾದಿಗಳು ಇರಲೇಬೇಕು ಅಂತಲೂ ಅವರು ಹೇಳಿದರು. ಆ ಹಾದಿಗಳನ್ನು ಸೂಕ್ಷ್ಮದರ್ಶಕದಲ್ಲಿ ಕಂಡದ್ದು ಇಟಲಿಯ ಮಾಲ್ಪೀಗಿ, 1661ರಲ್ಲಿ, ಕಪ್ಪೆಯ ಶ್ವಾಸಕೋಶದಲ್ಲಿ.

ನಮಗೆ ಅದಕ್ಕಿಂತ ಹತ್ತಿರದ್ದು ಅನಿಸಿದ್ದು ಅವರ ಇನ್ನೊಂದು ಮಾತು. ಹೃದಯಕ್ಕೆ ಆಹಾರ ಎಲ್ಲಿಂದ? ಬಲ ಕೋಣೆಯಲ್ಲಿ ತುಂಬಿಕೊಂಡ ರಕ್ತವೇ ಅದನ್ನು ಸಾಕುತ್ತದೆ ಎಂಬುದು ಹಿಂದಿನವರ ಅಭಿಪ್ರಾಯ. ಅದೂ ಸರಿಯಲ್ಲ ಎಂದರು ಇವರು. ಹೃದಯದ ಮಾಂಸದೊಳಗೇ ಹರಡಿರುವ ನಾಳಗಳು ಅದಕ್ಕೆ ಆಹಾರ ಕೊಡುತ್ತವೆ. ಮನೆಯ ಬಾವಿಯಲ್ಲಿ ನೀರು ತುಂಬಿದ್ದರೂ ತೋಟಕ್ಕೆ ಪೈಪಿನಲ್ಲಿ ಬರದಿದ್ದರೆ ಅಡಿಕೆ ಮರ ಒಣಗುತ್ತದಲ್ಲ, ಹಾಗೆ. ಬಟವಾಡಿಯಲ್ಲಿ ಕಾಕನಿಗೆ ಆದದ್ದೂ ಅದೇ. ಹೃದಯದ ಕೋಣೆಗಳ ತುಂಬ ರಕ್ತ ಇತ್ತು, ಆದರೆ ಹೃದಯವನ್ನು ಸಾಕುವ ಒಂದು ಪೈಪು ಕಟ್ಟಿಕೊಂಡಿತ್ತು. ಆ ಪೈಪಿನ ವಿಷಯ 1242ರ ಕಿತಾಬಿನಲ್ಲಿ ಇತ್ತು ಅಂತ ಹೇಳಿದಾಗ ಕಾಕ ಸ್ವಲ್ಪ ಹೊತ್ತು ಏನೂ ಮಾತನಾಡಲಿಲ್ಲ.

ಅವರು ಹೆಣ ಕೊಯ್ದು ನೋಡಿದ್ದರೋ ಎಂಬ ವಿಷಯದಲ್ಲಿ ಪಂಡಿತರ ನಡುವೆ ಇವತ್ತಿಗೂ ಜಗಳ ಉಂಟು. ಶರೀಅತ್ತೂ ತನ್ನ ಮನಸ್ಸಿನ ಕರುಣೆಯೂ ತನ್ನನ್ನು ಕೊಯ್ಯದಂತೆ ತಡೆದಿವೆ ಅಂತ ಕಿತಾಬಿನ ಆರಂಭದಲ್ಲಿ ಅವರೇ ಬರೆದಿದ್ದಾರೆ. ಆದರೆ ಒಳಗೆ ಹೋದರೆ, ಹಿಂದಿನವರ ಮಾತನ್ನು ಅಂಗಛೇದನವೇ ಸುಳ್ಳು ಮಾಡುತ್ತದೆ ಎಂದೂ ಬರೆಯುತ್ತಾರೆ. ಹಾಗೆಯೇ, ಹೊಗಳುವ ಭರದಲ್ಲಿ ಇಲ್ಲದ್ದನ್ನು ಸೇರಿಸುವುದೂ ಸರಿಯಲ್ಲ. ರಕ್ತ ದೇಹವಿಡೀ ಸುತ್ತಿ ಮತ್ತೆ ಹೃದಯಕ್ಕೇ ಬರುತ್ತದೆ ಎಂಬ ಪೂರ್ತಿ ಚಿತ್ರ ಅವರದ್ದಲ್ಲ. ಅದನ್ನು ಅಳತೆ, ಲೆಕ್ಕದ ಸಮೇತ ತೋರಿಸಿದ್ದು ಇಂಗ್ಲೆಂಡಿನ ವಿಲಿಯಂ ಹಾರ್ವೆ, 1628ರಲ್ಲಿ. ಎಡ ಕೋಣೆಯಲ್ಲಿ ರೂಹ್ ತಯಾರಾಗುತ್ತದೆ ಎಂಬ ಹಳೆಯ ವೈದ್ಯರ ಮಾತನ್ನು ಇವರೂ ಬಿಟ್ಟಿರಲಿಲ್ಲ. ವಾಟ್ಸ್ಆ್ಯಪಿನಲ್ಲಿ ಬರುವ ಹಾಗೆ ಎಲ್ಲವನ್ನೂ ನಮ್ಮವರೇ ಕಂಡುಹಿಡಿದರು ಅಂತ ಬರೆದರೆ ಅವರ ನಿಜವಾದ ಸಾಧನೆಯನ್ನೂ ಯಾರೂ ನಂಬಲಿಕ್ಕಿಲ್ಲ.

ಮನುಷ್ಯ ಹೇಗಿದ್ದರು? ಎತ್ತರದ, ಸಪೂರ ಆಳು ಅಂತ ಚರಿತ್ರೆಕಾರರು ಬರೆದಿದ್ದಾರೆ. ಬರೆಯಲು ಕೂತರೆ ಗೋಡೆಯ ಕಡೆಗೆ ಮುಖ. ಮೊದಲೇ ಚೂಪು ಮಾಡಿಟ್ಟ ಲೇಖನಿಗಳು ಎದುರಿಗೆ. ಯಾವ ಕಿತಾಬನ್ನೂ ತೆರೆಯದೆ ಮನಸ್ಸಿನಿಂದಲೇ ಮಳೆಗಾಲದ ಹೊಳೆಯ ಹಾಗೆ ಬರೆಯುತ್ತಿದ್ದರು. ಒಂದು ಲೇಖನಿ ಮೊಂಡಾದರೆ ಅದನ್ನು ಎಸೆದು ಇನ್ನೊಂದು, ಚೂಪು ಮಾಡುತ್ತಾ ಕೂರಲು ಪುರುಸೊತ್ತಿಲ್ಲ. ಒಮ್ಮೆ ಹಮ್ಮಾಮಿನಲ್ಲಿ ಸ್ನಾನದ ನಡುವೆ ಏನೋ ಹೊಳೆಯಿತು. ಹಾಗೇ ಹೊರಗಿನ ಕೋಣೆಗೆ ಬಂದು, ಶಾಯಿ, ಲೇಖನಿ, ಕಾಗದ ತರಿಸಿ, ನಾಡಿಮಿಡಿತದ ಬಗ್ಗೆ ಒಂದು ಪ್ರಬಂಧ ಬರೆದು ಮುಗಿಸಿ, ಮತ್ತೆ ಒಳಗೆ ಹೋಗಿ ಸ್ನಾನ ಪೂರ್ತಿ ಮಾಡಿದರಂತೆ. ಅಶ್ಶಾಮಿಲ್ ಎಂಬ ಹೆಸರಿನಲ್ಲಿ 300 ಸಂಪುಟಗಳ ವೈದ್ಯ ವಿಶ್ವಕೋಶಕ್ಕೆ ಕೈ ಹಾಕಿದ್ದರು. ಆದದ್ದು 80. ಅದರಲ್ಲಿ ಉಳಿದುಕೊಂಡ ಕೆಲವು ಈಗ ಬೇರೆ ಬೇರೆ ದೇಶಗಳ ಲೈಬ್ರರಿಗಳಲ್ಲಿ ಚದುರಿವೆ.

ಔಷಧಿ ಬರೆಯುವುದರಲ್ಲಿ ಬಹಳ ಜಿಪುಣ. ಊಟದಲ್ಲಿ ಗುಣವಾಗುವುದಾದರೆ ಔಷಧಿ ಇಲ್ಲ, ಒಂದೇ ಮೂಲಿಕೆ ಸಾಕಾದರೆ ಮಿಶ್ರಣ ಇಲ್ಲ. ಅವರು ಕೂರುತ್ತಿದ್ದ ಅಂಗಡಿಯ ಅತ್ತಾರನಿಗೆ, ಎಂದರೆ ಔಷಧಿ ವ್ಯಾಪಾರಿಗೆ, ಇದರಿಂದ ಸಾಕಾಗಿಹೋಯಿತು. ಬಂದವರಿಗೆಲ್ಲ ಗೋಧಿಯ ಅಡುಗೆ ಬರೆದು ಕೊಡುವುದಾದರೆ ಮಾಂಸದಂಗಡಿಯಲ್ಲಿ ಹೋಗಿ ಕೂರಿ, ಇಲ್ಲಿ ಕೂರುವುದಾದರೆ ಸಕ್ಕರೆ, ಶರ್ಬತ್ತು, ಔಷಧಿ ಬರೆಯಿರಿ ಅಂತ ಅವನು ಹೇಳಿದನಂತೆ. ಈ ಕಥೆಗೆ ಏಳು ನೂರು ವರ್ಷ ಆಯಿತು ಅಂತ ಹೇಳಿದರೆ ಯಾರೂ ನಂಬುವುದಿಲ್ಲ.

ಸುಲ್ತಾನ್ ಬೈಬರ್ಸರ ಖಾಸಗಿ ವೈದ್ಯರಾದರು, ಈಜಿಪ್ಟಿನ ವೈದ್ಯರಿಗೆಲ್ಲ ಮುಖ್ಯಸ್ಥರೂ ಆದರು. ಅವರ ಕಾಲ ಸುಲಭದ್ದಲ್ಲ. 1258ರಲ್ಲಿ ಮಂಗೋಲರು ಬಗ್ದಾದನ್ನು ನಾಶ ಮಾಡಿದರು, ಎರಡು ವರ್ಷದಲ್ಲಿ ಡಮಾಸ್ಕಸಿಗೂ ಬಂದರು. ಆಮೇಲೆ ಸುಲ್ತಾನ್ ಖಲಾವೂನ್ ಕೈರೋದಲ್ಲಿ ಮನ್ಸೂರಿ ಆಸ್ಪತ್ರೆ ಕಟ್ಟಿಸಿದರು, 1284ರಲ್ಲಿ. ಖಲಾವೂನರಿಗೆ ಹಿಂದೊಮ್ಮೆ ಡಮಾಸ್ಕಸಿನಲ್ಲಿ ಹೊಟ್ಟೆನೋವು ಬಂದು ನೂರಿ ಆಸ್ಪತ್ರೆಯ ಮದ್ದಿನಿಂದ ಗುಣವಾಗಿತ್ತು, ಆಗ ಮಾಡಿದ ನೇರ್ಚೆ ಅದು. ಬಡವ ಶ್ರೀಮಂತ, ಗಂಡು ಹೆಣ್ಣು ಭೇದವಿಲ್ಲದೆ ಎಲ್ಲರಿಗೂ ಉಚಿತ ಚಿಕಿತ್ಸೆ, ಖರ್ಚೆಲ್ಲ ವಕ್ಫ್‌ನಿಂದ.

1288ರಲ್ಲಿ ಇಬ್ನುನ್ನಫೀಸರು ಹಾಸಿಗೆ ಹಿಡಿದರು. ಪ್ರಾಯ ಎಂಬತ್ತರ ಹತ್ತಿರ. ಶಿಷ್ಯರಾದ ವೈದ್ಯರು ಸ್ವಲ್ಪ ಮದ್ಯ ಕುಡಿದರೆ ಗುಣವಾಗಬಹುದು ಅಂತ ಹೇಳಿದರು. ಅದು ಆ ಕಾಲದ ವೈದ್ಯದಲ್ಲಿ ಇದ್ದ ಔಷಧಿಯೇ. ಹೊಟ್ಟೆಯಲ್ಲಿ ಅದನ್ನು ಇಟ್ಟುಕೊಂಡು ಅಲ್ಲಾಹನನ್ನು ಕಾಣಲಾರೆ ಅಂತ ಅವರು ಒಪ್ಪಲಿಲ್ಲ. ಹಿಜರಿ 687ರ ದುಲ್‌ಕಅದ್ 21, ಎಂದರೆ 1288 ಡಿಸೆಂಬರ್ 17ರ ಶುಕ್ರವಾರ ಕೈರೋದಲ್ಲಿ ವಫಾತಾದರು. ತನ್ನ ಮನೆಯನ್ನೂ ಕಿತಾಬುಗಳನ್ನೂ ಮನ್ಸೂರಿ ಆಸ್ಪತ್ರೆಗೆ ಬರೆದುಕೊಟ್ಟಿದ್ದರು.

ಇಲ್ಲಿಂದ ಮುಂದಿನ ಕಥೆ ನಮಗೆ ಬೇಸರ ತರುವಂಥದ್ದು. ಖಾನೂನನ್ನು ಸಂಕ್ಷೇಪ ಮಾಡಿ ಅವರು ಬರೆದ ಮೂಜಝ್ ಎಂಬ ಕಿತಾಬ್ ಎಲ್ಲ ಕಡೆ ಹರಡಿತು. ನಮ್ಮ ದೇಶದ ಯುನಾನಿ ಹಕೀಮರೂ ತಲೆಮಾರುಗಳ ಕಾಲ ಅದನ್ನೂ ಅದರ ಶರಹ್‌ಗಳನ್ನೂ ಓದಿದರು, 19ನೇ ಶತಮಾನದಲ್ಲಿ ಕಲ್ಕತ್ತೆಯಲ್ಲಿ ಅದು ಅಚ್ಚೂ ಆಯಿತು. ಹೃದಯದ ದಾರಿ ಬರೆದಿದ್ದ ಆ ಇನ್ನೊಂದು ಶರಹ್ ಮಾತ್ರ ಹಸ್ತಪ್ರತಿಯಾಗಿ ಕಪಾಟುಗಳಲ್ಲಿ ಮಲಗಿತು. ಇಟಲಿಯ ಅಲ್ಪಾಗೊ ಎಂಬ ವೈದ್ಯ ಅವರ ಬರಹದ ಒಂದು ಭಾಗವನ್ನು ಲ್ಯಾಟಿನಿಗೆ ಅನುವಾದ ಮಾಡಿದ್ದು 1547ರಲ್ಲಿ ವೆನಿಸ್‌ನಲ್ಲಿ ಅಚ್ಚಾಯಿತು. ಆ ಮೇಲೆ ಕೆಲವೇ ವರ್ಷಗಳಲ್ಲಿ, 1553ರಲ್ಲಿ ಸರ್ವೇಟಸ್, 1559ರಲ್ಲಿ ಕೊಲಂಬೊ ಎಂಬವರು ಯುರೋಪಿನಲ್ಲಿ ಅದೇ ಶ್ವಾಸಕೋಶದ ದಾರಿಯನ್ನು ಬರೆದರು. ಇವರಿಂದ ಅವರಿಗೆ ಹೋಯಿತೋ, ಅವರೇ ಕಂಡುಕೊಂಡರೋ ಎಂಬುದು ಬೇರೆ ಚರ್ಚೆ. ನಮ್ಮ ಕಪಾಟಿನಲ್ಲೇ ಇದ್ದದ್ದನ್ನು ನಾವೇ ತೆರೆದು ನೋಡಲಿಲ್ಲ ಎಂಬುದರಲ್ಲಿ ಚರ್ಚೆ ಇಲ್ಲ.

ತೆರೆದದ್ದು ಒಬ್ಬ ವಿದ್ಯಾರ್ಥಿ. ಈಜಿಪ್ಟಿನಿಂದ ಜರ್ಮನಿಯ ಫ್ರೈಬರ್ಗಿಗೆ ಡಾಕ್ಟರ್ ಓದಲು ಹೋಗಿದ್ದ ಮುಹ್ಯಿದ್ದೀನ್ ಅತ್ತತಾವಿ ಬರ್ಲಿನ್ನಿನ ಲೈಬ್ರರಿಯಲ್ಲಿ ಆ ಶರಹ್‌ನ ಹಸ್ತಪ್ರತಿಯನ್ನು ಓದಿದರು. 1924ರಲ್ಲಿ ಅದರ ಮೇಲೆಯೇ ಪ್ರಬಂಧ ಬರೆದು ಕೊಟ್ಟರು. ನಂಬುವುದು ಕಷ್ಟ ಆದದ್ದರಿಂದ ಪ್ರೊಫೆಸರುಗಳು ಕೈರೋದಲ್ಲಿದ್ದ ಕಣ್ಣಿನ ಡಾಕ್ಟರು, ಅರಬಿ ವೈದ್ಯದ ಪಂಡಿತ ಮ್ಯಾಕ್ಸ್ ಮೇಯರ್‌ಹಾಫ್‌ರಿಗೆ ಪ್ರತಿ ಕಳುಹಿಸಿದರು. ಹೌದು, ನಿಜವೇ ಅಂತ ಅವರು ಜಗತ್ತಿಗೆ ತಿಳಿಸಿದರು. ಅಲ್ಲಿಗೆ ಇಬ್ನುನ್ನಫೀಸರ ವಫಾತ್ ಆಗಿ 636 ವರ್ಷ.

ಈ 1924 ಒಂದು ವಿಚಿತ್ರ ವರ್ಷ. ಹೃದಯದ ವಿದ್ಯುತ್ತನ್ನು ಗೆರೆಯಾಗಿ ಬರೆಯುವ ಯಂತ್ರ ಮಾಡಿದ ವಿಲ್ಲೆಮ್ ಐಂಟ್‌ಹೋವನ್‌ರಿಗೆ ನೊಬೆಲ್ ಸಿಕ್ಕಿದ್ದು ಅದೇ ವರ್ಷ. ಡಚ್ಚರಾದರೂ ಅವರು ಹುಟ್ಟಿದ್ದು ಜಾವಾ ದ್ವೀಪದ ಸೆಮರಾಂಗಿನಲ್ಲಿ, ಅದೂ ಶಾಫಿಈಗಳ ನಾಡೇ. ಅವರ ಮೊದಲ ಯಂತ್ರ ಸುಮಾರು 270 ಕಿಲೋ ತೂಕ, ನಡೆಸಲು ಐದು ಜನ ಬೇಕು, ರೋಗಿ ಕೈಕಾಲುಗಳನ್ನು ಉಪ್ಪುನೀರಿನ ಪಾತ್ರೆಗಳಲ್ಲಿ ಅದ್ದಿ ಕೂರಬೇಕು. ಬಟವಾಡಿಯಲ್ಲಿ ನರ್ಸ್ ಒಂದು ಕೈಯಲ್ಲಿ ಎತ್ತಿ ತಂದ ಪೆಟ್ಟಿಗೆ ಅದರದ್ದೇ ಮೊಮ್ಮಗು.

ಆ ಗೆರೆ ಹೇಳುವುದು ಏನು? ಹೃದಯದ ಬಲ ಮೇಲ್ಕೋಣೆಯಲ್ಲಿ ಸೈನಸ್ ನೋಡ್ ಅಂತ ಸಣ್ಣ ಅಂಗಾಂಶ ಉಂಟು. ಯಾರೂ ಹೇಳದೆಯೇ ಅದು ನಿಮಿಷಕ್ಕೆ 60ರಿಂದ 100 ಬಾರಿ ವಿದ್ಯುತ್ತಿನ ಮಿಡಿತ ಹೊರಡಿಸುತ್ತದೆ. ಮಿಡಿತ ಮೊದಲು ಮೇಲಿನ ಎರಡು ಕೋಣೆಗಳಿಗೆ ಹರಡಿ ಅವು ಕುಗ್ಗುತ್ತವೆ. ಮಧ್ಯದಲ್ಲಿರುವ ಇನ್ನೊಂದು ಗಂಟಿನಲ್ಲಿ ಸೆಕೆಂಡಿನ ಹತ್ತರಲ್ಲಿ ಒಂದು ಭಾಗದಷ್ಟು ತಡೆದು, ಕೆಳಗಿನ ಕೋಣೆಗಳು ತುಂಬಲು ಬಿಡುವು ಕೊಟ್ಟು, ಆಮೇಲೆ ಕೆಳಕ್ಕೆ ಇಳಿಯುತ್ತದೆ. ಆ ಇಳಿಯುವ ದಾರಿ ಹೋಗುವುದು ಇಬ್ನುನ್ನಫೀಸರು ತೂತಿಲ್ಲ ಅಂದ ಅದೇ ಗೋಡೆಯಲ್ಲಿ. ರಕ್ತಕ್ಕೆ ದಾರಿ ಕೊಡದ ಗೋಡೆ ವಿದ್ಯುತ್ತಿಗೆ ದಾರಿ ಕೊಡುತ್ತದೆ. ಚರ್ಮದ ಮೇಲೆ ಸಿಗುವಾಗ ಅದರ ಬಲ ಒಂದು ಮಿಲಿವೋಲ್ಟ್ ಆಸುಪಾಸು ಮಾತ್ರ. ನಾಳ ಮುಚ್ಚಿ ಮಾಂಸಕ್ಕೆ ರಕ್ತ ಸಿಗದಿದ್ದರೆ ಅಲ್ಲಿ ವಿದ್ಯುತ್ ಹರಿಯುವ ರೀತಿ ಬದಲಾಗುತ್ತದೆ, ಗೆರೆ ಏರುಪೇರಾಗುತ್ತದೆ. ಕೆಲವೊಮ್ಮೆ ಅದು ಕಾಣಿಸಿಕೊಳ್ಳಲು ಹೊತ್ತು ಬೇಕು. ಕಾಕನ ಮೊದಲ ಕಾಗದ ಸರಿ ಇದ್ದು ಎರಡನೆಯದ್ದು ಬದಲಾದದ್ದು ಅದಕ್ಕೇ.

ಅದೇ 1924ರ ಜುಲೈಯಲ್ಲಿ, ಅದೇ ಜರ್ಮನಿಯ ಯೇನಾ ನಗರದಲ್ಲಿ ಹಾನ್ಸ್ ಬೆರ್ಗರ್ ಎಂಬ ಡಾಕ್ಟರು ತಲೆಬುರುಡೆಗೆ ಆಪರೇಶನ್ ಆಗಿದ್ದ 17 ವರ್ಷದ ಹುಡುಗನ ಮಿದುಳಿನ ವಿದ್ಯುತ್ತನ್ನು ಮೊದಲ ಬಾರಿಗೆ ದಾಖಲಿಸಿದರು. ಇವತ್ತು ಅಪಸ್ಮಾರದವರಿಗೆ ತೆಗೆಯುವ ಇಇಜಿ ಹುಟ್ಟಿದ್ದು ಅಲ್ಲಿ. ಮಿದುಳಿನದ್ದು ಹೃದಯದ್ದಕ್ಕಿಂತ ಹತ್ತಾರು ಪಟ್ಟು ಸಣ್ಣ ಸದ್ದು, ತಲೆಯ ಚರ್ಮದ ಮೇಲೆ ಮಿಲಿವೋಲ್ಟಿನ ನೂರರಲ್ಲಿ ಕೆಲವು ಪಾಲು. ದೇಹಕ್ಕೆ ಯಜಮಾನ ಹೃದಯವೋ ಮಿದುಳೋ ಅಂತ ಅರಿಸ್ಟಾಟಲ್, ಗ್ಯಾಲನ್ ಕಾಲದಿಂದ ನಡೆದ ಜಗಳಕ್ಕೆ ಈ ಎರಡು ಗೆರೆಗಳು ಕೊಟ್ಟ ಉತ್ತರ ಸ್ವಲ್ಪ ಸೂಕ್ಷ್ಮದ್ದು. ಮಿಡಿಯಲು ಹೃದಯಕ್ಕೆ ಮಿದುಳಿನ ಅಪ್ಪಣೆ ಬೇಡ. ಬೇರೆಯವರ ಎದೆಗೆ ಕಸಿ ಮಾಡಿದ ಹೃದಯ, ನರಗಳೆಲ್ಲ ಕಡಿದಿದ್ದರೂ ಮಿಡಿಯುತ್ತದೆ. ಆದರೆ ಎಷ್ಟು ವೇಗ ಎಂಬುದರಲ್ಲಿ ಮಿದುಳಿನ ಕೈ ಉಂಟು, ಹೆದರಿದರೆ ಎದೆ ಹೊಡೆದುಕೊಳ್ಳುವುದು ಅದರಿಂದ. ಮಿದುಳಿಗೋ, ಹೃದಯ ಕೆಲವೇ ನಿಮಿಷ ರಕ್ತ ಕಳುಹಿಸದಿದ್ದರೆ ಬದುಕಿಲ್ಲ.

ಅತ್ತತಾವಿ ಊರಿಗೆ ಮರಳಿ ಸರ್ಕಾರಿ ಡಾಕ್ಟರಾದರು. ದೊಡ್ಡ ಹೆಸರು, ಹುದ್ದೆ ಯಾವುದೂ ಸಿಗಲಿಲ್ಲ. 1945ರಲ್ಲಿ ಈಜಿಪ್ಟಿನಲ್ಲಿ ಟೈಫಸ್ ಜ್ವರ ಹರಡಿದಾಗ ರೋಗಿಗಳನ್ನು ನೋಡಿಕೊಳ್ಳುತ್ತಿದ್ದವರಿಗೇ ಅದು ತಗುಲಿ ತೀರಿಹೋದರು.

ನಾವು ಇಷ್ಟನ್ನು ಬರೆದು ಮುಗಿಸುವ ಹೊತ್ತಿಗೆ ದರ್ಸಿನ ಹುಡುಗ ಕಾಕನ ಮನೆಗೆ ಓಡಿ ಬಂದ. ಪಳ್ಳಿಯ ಕಪಾಟಿನಲ್ಲಿ ತಾಜುದ್ದೀನ್ ಸುಬ್ಕಿಯವರ ತಬಖಾತ್, ಶಾಫಿಈ ಉಲಮಾಗಳ ಚರಿತ್ರೆ, ಇತ್ತಂತೆ. ಉಸ್ತಾದರ ಹತ್ತಿರ ಕೇಳಿ ತೆರೆದಾಗ ಅದರಲ್ಲಿ ಇಬ್ನುನ್ನಫೀಸರ ಹೆಸರು ಉಂಟು. ವೈದ್ಯದಲ್ಲಿ ಅವರಂಥವರು ಇರಲಿಲ್ಲ, ಚಿಕಿತ್ಸೆಯಲ್ಲಿ ಇಬ್ನು ಸೀನಾರಿಗಿಂತಲೂ ಮೇಲು ಅಂತ ಜನ ಹೇಳುತ್ತಾರೆ ಎಂದು ಸುಬ್ಕಿ ಬರೆದಿದ್ದಾರೆ. ಹೃದಯದ ವಿಷಯ ಅದರಲ್ಲಿ ಇಲ್ಲ. ಹುಡುಗ ಪುಟಕ್ಕೆ ಗುರುತು ಇಟ್ಟು ತಂದಿದ್ದ. ಕಾಕನಿಗೆ ಅರಬಿ ಅರ್ಥ ಹೇಳಿ ಓದಿಸಿಕೊಳ್ಳುವಷ್ಟರಲ್ಲಿ ಮಗ್ರಿಬ್ ಬಾಂಗ್ ಆಯಿತು.